ಸೀಸೆಯ ಬಿಸಿಲು

ನಮ್ಮ ಊರಿನಲ್ಲಿ ಬಿಸಿಲು ದಿನಕ್ಕೊಂದು ಬೀದಿಗೆ ಬೀಳುತ್ತದೆ. ಬೀದಿಗಳು ಇಪ್ಪತ್ತೇಳು. ನಮ್ಮದು ಹಾಸಿಗೆ ಬೀದಿ. ಗಾಣದ ಬೀದಿಯ ಮರುದಿನ ನಮ್ಮ ಸರದಿ ಬರುತ್ತದೆ; ಅದರ ಮಾರನೆಯ ಬೆಳಿಗ್ಗೆ ಬಿಸಿಲು ಕಮ್ಮಾರರ ಕಡೆಗೆ ಹೋಗಿರುತ್ತದೆ. ಉಳಿದ ಇಪ್ಪತ್ತಾರು ದಿನ ಮಳೆಗೆ ಮುಂಚಿನ ಸಂಜೆಯಂಥ ಬೆಳಕಿನಲ್ಲೇ ನಾವು ಅಕ್ಕಿ ಆರಿಸುತ್ತೇವೆ, ಮಕ್ಕಳಿಗೆ ಪಾಠ ಹೇಳುತ್ತೇವೆ, ಜಗಳವಾಡುತ್ತೇವೆ. ಒಗೆದ ಬಟ್ಟೆ ಒಣಗಲು ಮೂರು ದಿನ ಹಿಡಿಯುತ್ತದೆ.

ಸರದಿಯ ದಿನ ಮನೆಯೊಳಗೆ ಯಾರೂ ಇರುವುದಿಲ್ಲ. ಹಾಸಿಗೆ, ಹಪ್ಪಳ, ಉಪ್ಪಿನಕಾಯಿ ಜಾಡಿ, ಬಾಣಂತಿ, ಕೂಸು, ಮಂಡಿನೋವಿನ ಮುದುಕರು, ಎಲ್ಲವೂ ಎಲ್ಲರೂ ಬೀದಿಗೆ ಬರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಚೌಕ, ನೆಲದ ಮೇಲೆ ಸುಣ್ಣದಲ್ಲಿ ಗೀಚಿದ್ದು. ನಿಮ್ಮ ಚೌಕವನ್ನು ನೀವು ಬೇರೆಯವರಿಗೆ ಬಿಟ್ಟುಕೊಡಬಹುದು. ಹಾಗೆ ಬಿಟ್ಟುಕೊಡುವವರು ಆ ದಿನ ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ. ಕೊಟ್ಟವರು ಹೇಳುವುದಿಲ್ಲ, ಪಡೆದವರು ಕೇಳುವುದಿಲ್ಲ. ಹೇಳಿದ ಬಿಸಿಲು ಮೈಗೆ ಹತ್ತದು ಎಂದು ನಮ್ಮಲ್ಲಿ ಗಾದೆ. ಕೊಟ್ಟದ್ದನ್ನು ಬಾಯಿಬಿಟ್ಟರೆ ಪಡೆದವರ ಮೈಯಿಂದ ಅದು ಹಿಂದಕ್ಕೆ ಹೋಗುತ್ತದೆ ಎಂದು ಮಕ್ಕಳಿಗೂ ಗೊತ್ತು.

ನಾನು ಹುಟ್ಟಿದ್ದು ಈ ಬೀದಿಯಲ್ಲೇ. ಆರು ವರ್ಷ ಹೊರಗೆ ಹೋಗಿ ಜೀವರಸಾಯನ ಓದಿ ಬಂದೆ. ಅಲ್ಲಿ ದಿನವೂ ಎಲ್ಲರ ಮೇಲೂ ಬಿಸಿಲು ಬೀಳುತ್ತಿತ್ತು. ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಈಗ ಊರಿನ ಆರೋಗ್ಯ ಕೇಂದ್ರದ ಪ್ರಯೋಗಾಲಯ ನನ್ನದು. ಒಂದು ಸೂಕ್ಷ್ಮದರ್ಶಕ, ರಕ್ತ ತಿರುಗಿಸುವ ಯಂತ್ರ, ಬಣ್ಣದ ಗಾಢತೆ ಅಳೆಯುವ ಪೆಟ್ಟಿಗೆ, ನಾನು. ಜನ ನನ್ನನ್ನು ಲ್ಯಾಬಮ್ಮ ಎನ್ನುತ್ತಾರೆ.

ಐದು ವರ್ಷ ಅರ್ಜಿ ಬರೆದ ಮೇಲೆ ಆ ವರ್ಷ ಮೊದಲ ಬಾರಿಗೆ ಲಾರಿಯಲ್ಲಿ ವಿಟಮಿನ್ ಡಿ ಹನಿಯ ಸೀಸೆಗಳು ಬಂದವು. ಆರು ವರ್ಷದೊಳಗಿನ ಪ್ರತಿ ಮಗುವಿಗೆ ತಿಂಗಳಿಗೆ ಒಂದು ಸೀಸೆ, ದಿನಕ್ಕೆ ಒಂದು ಪಿಚಕಾರಿ. ಹಳದಿ ಎಣ್ಣೆ. ಜನ ಅದಕ್ಕೆ ಸೀಸೆ ಬಿಸಿಲು ಎಂದು ಹೆಸರಿಟ್ಟರು. ಹೆಸರು ಚೆನ್ನಾಗಿದೆ ಎಂದು ನನಗೂ ಅನ್ನಿಸಿತು. ಅದನ್ನು ಬಿಸಿಲು ಎಂದು ಕರೆದವರು ಬಿಸಿಲಿನಂತೆಯೇ ಅದನ್ನು ನಡೆಸಿಕೊಳ್ಳುತ್ತಾರೆ ಎಂಬುದು ಮಾತ್ರ ಹೊಳೆಯಲಿಲ್ಲ.

ಎದುರು ಸಾಲಿನ ಕೊನೆಯ ಮನೆ ಹಾಸಿಗೆ ಹೊಲಿಯುವ ಸಿದ್ದೇಶನದು. ಅವನ ಹೆಂಡತಿ ಪಾರಿಜಾತ. ಮಗಳು ದಾಕ್ಷಾಯಿಣಿಗೆ ಆಗ ನಾಲ್ಕೂವರೆ ವರ್ಷ. ಎಲ್ಲರಿಗೂ ಅವಳು ದಾಕ್ಷಿ. ಅವಳು ಮಾತಾಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಹತ್ತಿಯ ಎಳೆ ಗಾಳಿಯಲ್ಲಿ ತೇಲಿದರೆ ಅದು ನೆಲಕ್ಕೆ ಇಳಿಯುವವರೆಗೂ ನೋಡುತ್ತ ಕೈಗಳನ್ನು ಹಕ್ಕಿಯ ರೆಕ್ಕೆಯಂತೆ ಬಡಿಯುತ್ತಿದ್ದಳು. ಪ್ರತಿ ಬೆಳಿಗ್ಗೆ ಬೀದಿಯ ಮೂವತ್ತು ಮನೆಗಳ ಬಾಗಿಲಿನ ಹಿತ್ತಾಳೆ ಬಳೆಗಳನ್ನು ಒಂದೇ ಕ್ರಮದಲ್ಲಿ ಮುಟ್ಟಿ ಬರುತ್ತಿದ್ದಳು. ಒಂದು ಮನೆ ತಪ್ಪಿದರೂ ಮೊದಲಿನಿಂದ ಶುರು. ಬಾಗಿಲಲ್ಲಿ ನಿಂತ ಹೆಂಗಸರು ಕೈಗೆ ಬೆಲ್ಲದ ಚೂರು ಕೊಟ್ಟರೆ ತಿನ್ನುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಮಂಗಳವಾರ ಮಂಗಳವಾರ ಬರುವ ಡಾಕ್ಟರ್ ವಿಮಲಾಕ್ಷಿ ಅವಳನ್ನು ಎರಡು ತಿಂಗಳು ಗಮನಿಸಿ ಆಟಿಸಂ ಎಂದರು. ಬೀದಿಯವರು ಅದಕ್ಕೆ ಮೊದಲೇ ಬೇರೆ ಹೆಸರು ಇಟ್ಟಿದ್ದರು: ಬಿಸಿಲು ಸಾಲದ ಮಗು.

ಹನಿ ಶುರುಮಾಡುವ ಮೊದಲು ದಾಕ್ಷಿಯ ರಕ್ತ ತೆಗೆದೆ. ಹೋಲಿಕೆಗೆ ಇರಲಿ ಎಂದು ಬೀದಿಯ ಇನ್ನು ಹನ್ನೊಂದು ಮನೆಗಳ ಹನ್ನೊಂದು ಮಕ್ಕಳದ್ದನ್ನೂ ತೆಗೆದು ಜಿಲ್ಲೆಗೆ ಕಳಿಸಿದೆ. ವಿಟಮಿನ್ ಡಿ ಎಲ್ಲರದೂ ಕಡಿಮೆ, ಒಂಬತ್ತು, ಹತ್ತು, ಹೆಚ್ಚೆಂದರೆ ಹನ್ನೆರಡು. ದಾಕ್ಷಿಯದು ಒಂಬತ್ತು. ಸೀಸೆ ಕೈಗಿಟ್ಟಾಗ ಪಾರಿಜಾತ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದ ಹಾಕಿದ್ರೆ ಮಾತು ಬತ್ತದಾ ಲ್ಯಾಬಮ್ಮ?"

"ಬರುತ್ತೆ ಅಂತ ಹೇಳಕ್ಕಾಗಲ್ಲ ಪಾರಿ. ಹೊರಗೆ ಕೆಲವರು ಇಂಥ ಮಕ್ಕಳಿಗೆ ಕೊಟ್ಟು ನೋಡಿದಾರೆ. ಕೆಲವು ಕಡೆ ಸ್ವಲ್ಪ ವ್ಯತ್ಯಾಸ ಕಂಡಿದೆ, ಕೆಲವು ಕಡೆ ಏನೂ ಇಲ್ಲ. ಮೂಳೆಗಂತೂ ಬೇಕು. ಉಳಿದಿದ್ದು ನೋಡೋಣ."

"ನೋಡೋಣ ಅಂದ್ರೆ ನಿಮ್ಮ ಓದಿದೋರ ಭಾಸೇಲಿ ಹೂಂ ಅಂತಲೋ, ಊಹೂಂ ಅಂತಲೋ?"

"ನೋಡೋಣ ಅಂತಲೇ."

ಅವಳು ನಕ್ಕಳು. ಆದರೆ ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡ ರೀತಿ ಹೂಂ ಎಂದು ಕೇಳಿಸಿಕೊಂಡವಳದ್ದು.

ನಾನು ಒಂದು ಪುಸ್ತಕ ಮಾಡಿದೆ. ವಾರಕ್ಕೆರಡು ದಿನ ಒಂದೊಂದು ಗಂಟೆ ಅವರ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದೆ. ಉಳಿದ ದಿನಗಳದ್ದನ್ನು ಪಾರಿಜಾತ ಗೋಡೆಯ ಮೇಲೆ ಇದ್ದಿಲಿನ ಗೀಟು ಹಾಕಿ ಇಡುತ್ತಿದ್ದಳು. ಹೆಸರಿಗೆ ತಿರುಗಿದ್ದು ಎಷ್ಟು ಸಲ, ಮುಖ ನೋಡಿದ್ದು ಎಷ್ಟು ಸಲ, ಕೈ ಬಡಿದದ್ದು ಎಷ್ಟು ನಿಮಿಷ, ತಾನಾಗಿ ಇನ್ನೊಬ್ಬರ ಬಳಿ ಏನನ್ನಾದರೂ ತಂದದ್ದು ಎಷ್ಟು ಸಲ. ಕೊನೆಯಲ್ಲಿ ಒಂದು ಅಗಲವಾದ ಅಂಕಣ. ಅದರ ತಲೆಬರಹ ‘ಇತರೆ’. ಮೊದಲ ಆರು ವಾರ ಎಲ್ಲ ಅಂಕಣಗಳೂ ಮೊದಲಿನಂತೆಯೇ ಇದ್ದವು. ತಂದದ್ದು ಎಂಬಲ್ಲಿ ಸಾಲಾಗಿ ಸೊನ್ನೆ.

ಏಳನೆಯ ವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಪಾರಿಜಾತ ಹಿಟ್ಟಿನ ಕೈಯಲ್ಲೇ ಪ್ರಯೋಗಾಲಯಕ್ಕೆ ಓಡಿ ಬಂದಳು. ಬಾಗಿಲ ಚೌಕಟ್ಟಿಗೆ ಹಿಟ್ಟು ಮೆತ್ತಿತು.

"ಕೇಳಿದ್ಲು!"

"ಏನು ಕೇಳಿದ್ಲು?"

"ನೀರು. ಬಾಯಲ್ಲಲ್ಲ. ಲೋಟ ತಂದು ನನ್ನ ಮುಂದೆ ಹಿಡಿದ್ಲು. ನಾನು ರೊಟ್ಟಿ ತಟ್ತಿದ್ದೆ, ಮೊಣಕಾಲಿಗೆ ಲೋಟ ತಾಕ್ಸಿದ್ಲು. ನಾನು ಸುಮ್ಕಿದ್ದೆ, ಮತ್ತೆ ತಾಕ್ಸಿದ್ಲು. ಲ್ಯಾಬಮ್ಮ, ಎರಡು ಸಲ ತಾಕ್ಸಿದ್ಲು!"

ಇದು ಎಷ್ಟು ದೊಡ್ಡದು ಎಂದು ಹೇಳಬೇಕಾದರೆ ಅವರ ಮನೆ ನೋಡಿರಬೇಕು. ಜಗಲಿಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಹತ್ತಿಯ ಮೂಟೆಗಳ ಪಕ್ಕದಲ್ಲಿ, ಎಲ್ಲ ಕಡೆ ನೀರು ತುಂಬಿದ ಲೋಟಗಳು. ಕೇಳಲಾರದ ಮಗುವಿಗೆ ಬಾಯಾರುವ ಮೊದಲೇ ನೀರು ಸಿಗಲಿ ಎಂದು ಪಾರಿಜಾತ ನಾಲ್ಕು ವರ್ಷ ಅವನ್ನು ಬತ್ತಲು ಬಿಟ್ಟಿರಲಿಲ್ಲ.

ಆ ದಿನ ಮೂರು ಸಲ. ಮರುವಾರ ದಿನಕ್ಕೆ ಐದಾರು ಸಲ. ಒಂಬತ್ತನೆಯ ವಾರದ ಹೊತ್ತಿಗೆ ಒಂಬತ್ತು. ಬಾಗಿಲ ಬಳೆ ಮುಟ್ಟುವ ಸುತ್ತಿನಲ್ಲೂ ಲೋಟ ಕೈಯಲ್ಲಿರುತ್ತಿತ್ತು. ಬಳೆ ಮುಟ್ಟಿ, ಬೆಲ್ಲ ತಿಂದು, ಲೋಟ ಚಾಚುತ್ತಿದ್ದಳು. ಹೆಂಗಸರು ಚಪ್ಪಾಳೆ ತಟ್ಟಿ, ಕಣ್ಣೊರೆಸಿಕೊಂಡು ನೀರು ಹಾಕುತ್ತಿದ್ದರು. ಒಂದು ದಿನ ನಾನು ಜಗಲಿಯ ಮೇಲೆ ಬರೆಯುತ್ತಿದ್ದಾಗ ನನ್ನ ಪುಸ್ತಕದ ಮೇಲೇ ಲೋಟ ಇಟ್ಟಳು. ಮುಖ ಎತ್ತಿ ನೋಡಿದಳು, ನನ್ನ ಕಣ್ಣಿನೊಳಕ್ಕೆ, ಸುಮಾರು ಎರಡು ಸೆಕೆಂಡು. ನಾನು ಮೊದಲು ಎರಡು ಅಂಕಣಗಳಲ್ಲೂ ಗೀಟು ಹಾಕಿದೆ. ಆಮೇಲೆ ನೀರು ಕೊಟ್ಟೆ.

ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದೆ. ಅದು ಏಳನೆಯ ವಾರದಿಂದ ಮೆಟ್ಟಿಲು ಹತ್ತಿದಂತೆ ಏರಿತ್ತು. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅಷ್ಟು ಚೆಂದದ ಗೆರೆ ಎಳೆದಿರಲಿಲ್ಲ. ‘ಒಂದೇ ಮಗುವಿನ ಗಮನಿಕೆ, ತೀರ್ಮಾನಕ್ಕೆ ಸಾಲದು’ ಎಂದು ಜಾಗ್ರತೆಯ ಮಾತು ಸೇರಿಸಿ ಜಿಲ್ಲೆಗೆ ಒಂದು ಕಾಗದ ಬರೆದೆ. ಜಾಗ್ರತೆಯ ಮಾತು ಒಂದು ಸಾಲು, ಗೆರೆಯ ವರ್ಣನೆ ಎರಡು ಪುಟ.

ಅದೇ ಪುಟಗಳಲ್ಲಿ, ಅದೇ ವಾರಗಳ ಎದುರಿಗೆ, ‘ಇತರೆ’ ಅಂಕಣದಲ್ಲಿ ನನ್ನದೇ ಅಕ್ಷರಗಳಿವೆ. ಏಳನೆಯ ವಾರ: ಮೂರು ದಿನದಿಂದ ಮಲ ಆಗಿಲ್ಲ. ಎಂಟು: ರೊಟ್ಟಿ ಅರ್ಧಕ್ಕೆ ಬಿಟ್ಟಳು, ರಾತ್ರಿ ಹಾಸಿಗೆ ಒದ್ದೆ, ಎರಡು ವರ್ಷದಿಂದ ಇರಲಿಲ್ಲ. ಹತ್ತು: ವಾಂತಿ, ಎರಡು ಸಲ. ಹನ್ನೊಂದು: ಬಳೆ ಮುಟ್ಟುವ ಸುತ್ತನ್ನು ಹದಿನಾಲ್ಕನೆಯ ಮನೆಯಲ್ಲಿ ನಿಲ್ಲಿಸಿ ನೆಲದ ಮೇಲೆ ಕುಳಿತಳು, ಹಟವಿರಬಹುದು. ಪಾರಿಜಾತ ಒಂದು ಸಲ ಕೇಳಿದ್ದಳು, "ಹೊಟ್ಟೆ ಹಿಡ್ಕೊಂಡು ಕುಂತಿರ್ತಾಳಲ್ಲ ಲ್ಯಾಬಮ್ಮ, ಯಾಕೆ?" ಮಲಬದ್ಧತೆ ಇಂಥ ಮಕ್ಕಳಲ್ಲಿ ಸಾಮಾನ್ಯ, ಬಾಳೆಹಣ್ಣು ಕೊಡು ಎಂದೆ. ಅದು ಸುಳ್ಳಲ್ಲ. ಅದಕ್ಕೇ ಅದು ಅಷ್ಟು ಸುಲಭವಾಗಿ ಬಾಯಿಗೆ ಬಂತು.

ಮೂರು ತಿಂಗಳಿಗೆ ಸರಿಯಾಗಿ ಹನ್ನೆರಡೂ ಮಕ್ಕಳ ರಕ್ತವನ್ನು ಮತ್ತೆ ತೆಗೆದು ಜಿಲ್ಲೆಗೆ ಕಳಿಸಿದೆ. ಎಂಟು ದಿನದ ನಂತರ ಒಂದು ಮಂಗಳವಾರ ಲಾರಿಯಲ್ಲಿ ಉತ್ತರ ಬಂತು. ಹನ್ನೊಂದು ಮಕ್ಕಳದು ಮೂವತ್ತರ ಆಸುಪಾಸಿಗೆ ಬಂದಿರಬೇಕಿತ್ತು. ಹತ್ತು, ಒಂಬತ್ತು, ಹನ್ನೊಂದು, ಅಲ್ಲಾಡಿರಲಿಲ್ಲ. ದಾಕ್ಷಿಯ ಹೆಸರಿನ ಮುಂದೆ ಅಂಕೆಯೇ ಇರಲಿಲ್ಲ. ‘ನೂರೈವತ್ತಕ್ಕಿಂತ ಹೆಚ್ಚು, ಅಳತೆಗೆ ಮೀರಿದೆ’ ಎಂದು ಬರೆದಿತ್ತು.

ರಕ್ತದ ನಳಿಕೆಗಳ ಚೀಟಿ ಅದಲುಬದಲಾಗಿರಬೇಕು ಎಂದುಕೊಂಡೆ. ಮಾದರಿಯ ಉಳಿದ ಭಾಗ ನನ್ನ ಬಳಿ ಇತ್ತು. ಕ್ಯಾಲ್ಸಿಯಂ ಅಳೆಯುವುದು ನನ್ನ ಪೆಟ್ಟಿಗೆಯಲ್ಲೇ ಆಗುತ್ತದೆ. ಅಳೆದೆ. ಇನ್ನೊಮ್ಮೆ ಅಳೆದೆ. ಮೂರನೆಯ ಸಲ ಹೊಸ ದ್ರಾವಣ ಬೆರೆಸಿ ಅಳೆದೆ. ಹದಿನಾಲ್ಕೂವರೆ. ಹನ್ನೊಂದಕ್ಕೆ ನಾವು ಹುಬ್ಬೇರಿಸುತ್ತೇವೆ. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಸುಣ್ಣ ಏರುತ್ತದೆ. ಸುಣ್ಣ ಏರಿದರೆ ಮಲ ಕಟ್ಟುತ್ತದೆ, ಊಟ ಸೇರುವುದಿಲ್ಲ, ವಾಂತಿಯಾಗುತ್ತದೆ, ಮೈ ಸೋಲುತ್ತದೆ, ಮೂತ್ರ ಹೆಚ್ಚಾಗುತ್ತದೆ. ಮತ್ತೆ, ತೀರದ ಬಾಯಾರಿಕೆ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಈ ಪಟ್ಟಿಯನ್ನು ಇದೇ ಕ್ರಮದಲ್ಲಿ ಬರೆದು ಅಂಕ ಪಡೆದಿದ್ದೆ.

ಒಂದು ಗಂಟೆಯೊಳಗೆ ದಾಕ್ಷಿ ಆರೋಗ್ಯ ಕೇಂದ್ರದ ಮಂಚದ ಮೇಲಿದ್ದಳು. ಕೈಗೆ ಸೂಜಿ, ಮೇಲೆ ಉಪ್ಪುನೀರಿನ ಬಾಟಲಿ. ಡಾಕ್ಟರ್ ವಿಮಲಾಕ್ಷಿ ಮೂತ್ರಪಿಂಡದ ಬಗ್ಗೆ ನನ್ನೊಂದಿಗೆ ಮೆಲ್ಲಗೆ ಮಾತಾಡಿ, ಪಾರಿಜಾತಳ ಕಡೆ ತಿರುಗಿದರು.

"ದಿನಕ್ಕೆಷ್ಟು ಪಿಚಕಾರಿ ಹಾಕ್ತಿದ್ದೆ?"

"ಒಂದು, ಡಾಕ್ಟ್ರೇ."

"ನಿಜ ಹೇಳು. ಬೈಯಲ್ಲ. ಬೇಗ ಗುಣ ಆಗಲಿ ಅಂತ ಜಾಸ್ತಿ ಹಾಕಿದ್ಯಾ?"

"ಅವಳ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ. ಒಂದೇ."

ಸಿದ್ದೇಶ ಬಾಗಿಲ ಬಳಿ ನಿಂತಿದ್ದ. ಅವನ ಅಂಗಿಯ ತುಂಬ ಹತ್ತಿ. ಅವನು ಹೆಂಡತಿಯನ್ನು ನೋಡಿದ. ಆ ನೋಟವನ್ನು ಪಾರಿಜಾತ ಕಂಡಳು. ಅವಳ ಸೀಸೆ ತರಿಸಿ ನೋಡಿದೆವು. ಎಷ್ಟು ಉಳಿದಿರಬೇಕೋ ಅಷ್ಟೇ ಉಳಿದಿತ್ತು. ಖಾಲಿ ಸೀಸೆ ವಾಪಸು ಕೊಟ್ಟರೇ ಹೊಸದು ಕೊಡುತ್ತಿದ್ದವಳು ನಾನು. ಹನ್ನೊಂದು ಮನೆಗಳ ಸೀಸೆಗಳೂ ಪ್ರತಿ ತಿಂಗಳು ತಪ್ಪದೆ ಖಾಲಿಯಾಗಿಯೇ ಬಂದಿದ್ದವು. ಖಾಲಿಯಾದ ಹನಿ ಆ ಮಕ್ಕಳ ರಕ್ತದಲ್ಲಿ ಇಲ್ಲ.

ಸಂಜೆ ಸಿದ್ದೇಶನ ಪಕ್ಕದ ಮನೆಯ ಕೆಂಚಮ್ಮಜ್ಜಿ ಕೋಲೂರಿಕೊಂಡು ಬಂದರು. ದಾಕ್ಷಿಯ ಕೆನ್ನೆ ಸವರಿ ಸೆರಗಿನ ಗಂಟು ಬಿಚ್ಚಿದರು. ಒಂದು ಚೂರು ಬೆಲ್ಲ. ಬೆಲ್ಲದ ಮೇಲೆ ಹಳದಿ ಎಣ್ಣೆಯ ಮಿರುಗು. ನಾನು ಅಜ್ಜಿಯ ಮಣಿಕಟ್ಟು ಹಿಡಿದೆ. ಅವರು ನನ್ನ ಮುಖ ನೋಡಿ ಬೆಲ್ಲವನ್ನು ಮತ್ತೆ ಗಂಟು ಹಾಕಿಕೊಂಡರು.

"ಏನಜ್ಜಿ ಇದು?"

"ಬೆಲ್ಲ ಕಣವ್ವ."

"ಅದರ ಮೇಲೆ?"

"ನೀನು ಈ ಬೀದಿ ಹುಡುಗಿ ತಾನೆ?" ಎಂದರು ಅಜ್ಜಿ. "ಕೇಳಬಾರದ್ದ ಕೇಳಬ್ಯಾಡ."

ಬೀದಿಯಲ್ಲಿ ಹುಟ್ಟಿದವಳು ನಾನೇ. ಮೂರು ತಿಂಗಳು ಜಗಲಿಯ ಮೇಲೆ ಕುಳಿತು ಆ ಬೆಲ್ಲದ ಚೂರುಗಳನ್ನು ನಾನೇ ನೋಡಿದ್ದೆ.

ಮರುದಿನ ನಮ್ಮ ಬೀದಿಯ ಸರದಿ. ಬೆಳಿಗ್ಗೆ ಎಂಟಕ್ಕೆ ಬಿಸಿಲು ಇಳಿಯಿತು. ಬೀದಿಯವರು ತಮ್ಮ ತಮ್ಮ ಚೌಕಗಳಲ್ಲಿ ಕುಳಿತಿದ್ದರು. ಸಿದ್ದೇಶನ ಮನೆಯ ಮುಂದೆ ಒಂಬತ್ತು ಚೌಕಗಳು ಖಾಲಿ ಇದ್ದವು. ದಾಕ್ಷಿ ಆಸ್ಪತ್ರೆಯಿಂದ ಬಂದಾಳು ಎಂದು ಯಾರೋ ಬಿಟ್ಟುಕೊಟ್ಟವು. ಪಾರಿಜಾತ ಬಟ್ಟೆ ತೆಗೆದುಕೊಂಡು ಹೋಗಲು ಬಂದವಳು ಬಾಗಿಲಲ್ಲಿ ನಿಂತಿದ್ದಳು. ನಾನು ಬೀದಿಯ ನಡುವೆ ನಿಂತು, ಯಾರು ಯಾರು ದಾಕ್ಷಿಗೆ ಹನಿ ಹಾಕುತ್ತಿದ್ದೀರಿ ಎಂದು ಕೇಳಿದೆ.

ಹಪ್ಪಳ ತಿರುವುತ್ತಿದ್ದವರು ತಿರುವುತ್ತಲೇ ಇದ್ದರು.

"ಅದು ವಿಷ ಆಗಿದೆ. ನಿಲ್ಲಿಸಬೇಕು."

"ವಿಷ ಯಾಕಾಯ್ತದೆ?" ಎಂದಳು ಜೈಬೂನ್. ಅವಳ ಮಡಿಲಲ್ಲಿ ಎರಡು ವರ್ಷದ ಮಗನಿದ್ದ. "ನೀವೇ ತಾನೆ ಒಳ್ಳೇದು ಅಂತ ಹಂಚಿದ್ದು? ಮಗು ಲೋಟ ಹಿಡೀತಲ್ಲ, ನೀವೇ ತಾನೆ ಗೀಟು ಹಾಕ್ಕೊಂಡಿದ್ದು?"

"ಗೀಟು ಹಾಕಿದ್ದು ತಪ್ಪು."

"ಹನೀನ ಯಾರೋ ಹಾಕಿರಬೋದು, ಹಾಕದೇನೂ ಇರಬೋದು" ಎಂದ ಒಬ್ಬ ಮುದುಕ. "ಹೇಳಿದ್ರೆ ಬಂದಿದ್ದೂ ಹೋಯ್ತದೆ. ಆ ಮಗು ಕೇಳಾದ ಕಲ್ತದೆ. ಅದ ಕಿತ್ಕೋಬೇಕಾ ನಮ್ಮ ಬಾಯಿಂದ?"

ಅವರ ಮೌನದಲ್ಲಿ ಹಟವಿರಲಿಲ್ಲ. ಅವರು ಕಾಪಾಡುತ್ತಿದ್ದುದು ಮಗು ಚಾಚಿದ ಆ ಲೋಟವನ್ನು. ಅದು ಅರ್ಥವಾದ ಮೇಲೆ ಸಂಖ್ಯೆಗಳನ್ನು ಹೇಳುವುದು ನಿಲ್ಲಿಸಿದೆ.

"ನಾನು ಮೂರು ಸರದಿ ನನ್ನ ಚೌಕ ದಾಕ್ಷಿಗೆ ಬಿಟ್ಟುಕೊಟ್ಟೆ" ಎಂದೆ. "ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ದೆ. ನನ್ನ ಪುಸ್ತಕದಲ್ಲೂ ಬರೀಲಿಲ್ಲ. ಈಗ ಹೇಳ್ತಿದೀನಿ."

ಹಪ್ಪಳದ ಕೈಗಳು ನಿಂತವು. ಯಾವುದೋ ಮಗು ನಗಲು ಹೋಗಿ ತಾಯಿಯಿಂದ ಚಿವುಟಿಸಿಕೊಂಡಿತು. ಐವತ್ತೆರಡು ವರ್ಷದಲ್ಲಿ ಆ ಬೀದಿಯಲ್ಲಿ ಅಂಥ ಮಾತನ್ನು ಯಾರ ಬಾಯಿಂದಲೂ ನಾನು ಕೇಳಿರಲಿಲ್ಲ.

"ಹಾಕಿದ್ದು ಪಾರಿ ಅಂತ ಡಾಕ್ಟ್ರು ತಿಳ್ಕೊಂಡಿದಾರೆ" ಎಂದೆ. "ಅವಳ ಗಂಡನೂ."

ಕೆಂಚಮ್ಮಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು. "ನಾನು ಹಾಕ್ದೆ. ಮೊಮ್ಮಗಂದು. ಅವನು ಗುಂಡುಕಲ್ಲಿನಂಗವ್ನೆ, ಅವನಿಗ್ಯಾಕೆ ಅಂತ. ದಿನಾ ಒಂದು ಪಿಚಕಾರಿ."

"ನಾನೂ" ಎಂದಳು ಜೈಬೂನ್, ಮಗನ ತಲೆಯ ಮೇಲೆ ಗದ್ದವಿಟ್ಟು. "ಒಂದೇ ಹಾಕಿದ್ದು. ಅಜ್ಜಿ ಹಾಕ್ತಾರೆ ಅಂತ ಗೊತ್ತಿದ್ರೆ ಹಾಕ್ತಿರ್ಲಿಲ್ಲ."

"ನನಗೇನು ಗೊತ್ತಿತ್ತು ನೀನು ಹಾಕ್ತಿ ಅಂತ?"

ಹೀಗೆ ಒಬ್ಬರಾದ ಮೇಲೆ ಒಬ್ಬರು. ಹನ್ನೊಂದು ಮನೆ. ಪ್ರತಿ ಮನೆಯೂ ತಾನೊಂದೇ ಎಂದುಕೊಂಡಿತ್ತು. ತಮ್ಮ ಮಗುವಿನ ಪಾಲನ್ನು ಬೆಲ್ಲಕ್ಕೆ ಹನಿಸಿ, ಯಾರಿಗೂ ಹೇಳದೆ, ದಿನವೂ ಅದೇ ಕ್ರಮದಲ್ಲಿ ಬರುವ ಒಂದು ಪುಟ್ಟ ಕೈಗೆ ಇಟ್ಟಿತ್ತು. ಪಾರಿಜಾತ ಬಾಗಿಲಲ್ಲಿ ನಿಂತು ಹನ್ನೊಂದನ್ನೂ ಕೇಳಿಸಿಕೊಂಡಳು. ಬೈಯಲೂ ಇಲ್ಲ, ಕೈ ಮುಗಿಯಲೂ ಇಲ್ಲ. ಖಾಲಿ ಇದ್ದ ಒಂಬತ್ತು ಚೌಕಗಳನ್ನು ತುಳಿಯದೆ ಪಕ್ಕದಲ್ಲಿ ನಡೆದು ಆಸ್ಪತ್ರೆಗೆ ಹೋದಳು.

ದಾಕ್ಷಿ ಬದುಕಿದಳು. ಮೊದಲ ವಾರ ಡಾಕ್ಟರ್ ವಿಮಲಾಕ್ಷಿ ಊರು ಬಿಟ್ಟು ಹೋಗಲಿಲ್ಲ. ಹಾಲು ನಿಂತಿತು, ಬೆಲ್ಲ ನಿಂತಿತು, ಕಿಟಕಿಗೆ ಪರದೆ ಬಂತು. ನಾನು ದಿನವೂ ರಕ್ತ ಅಳೆದೆ. ಹದಿನಾಲ್ಕು, ಹದಿಮೂರು, ಹದಿಮೂರು, ಹನ್ನೆರಡು. ಎಣ್ಣೆಯಲ್ಲಿ ಕರಗುವ ಈ ವಸ್ತು ಮೈಯ ಕೊಬ್ಬಿನಲ್ಲಿ ಅಡಗಿ ಕುಳಿತು ತಿಂಗಳುಗಟ್ಟಲೆ ಇಷ್ಟಿಷ್ಟೇ ಹೊರಬರುತ್ತದೆ. ಮೂತ್ರಪಿಂಡದಲ್ಲಿ ಎರಡು ಬಿಳಿ ಚುಕ್ಕೆ ಉಳಿದವು. ಅವು ಏನಾಗುತ್ತವೆ ಎಂದು ವರ್ಷಗಟ್ಟಲೆ ನೋಡಬೇಕು.

ಲೋಟದ ಎಣಿಕೆಯನ್ನೂ ಬಿಡಲಿಲ್ಲ. ಮಂಚದ ಮೇಲಿದ್ದಾಗಲೂ ದಾಕ್ಷಿ ಲೋಟ ಹಿಡಿದೇ ಇದ್ದಳು. ಬಂದ ದಿನ ಹದಿನಾಲ್ಕು ಸಲ. ಎರಡನೆಯ ವಾರ ಒಂಬತ್ತು. ಮನೆಗೆ ಹೋದ ದಿನ ನಾಲ್ಕು. ಆಮೇಲೆ ಎರಡು, ಎರಡು, ಒಂದು. ಕ್ಯಾಲ್ಸಿಯಂ ಹತ್ತಕ್ಕೆ ಇಳಿದ ದಿನ ಸೊನ್ನೆ. ಮತ್ತೆ ಸೊನ್ನೆ. ಒಂದೇ ಹಾಳೆಯ ಮೇಲೆ ಎರಡು ಗೆರೆಗಳನ್ನು ಎಳೆದರೆ ಒಂದರ ಮೇಲೊಂದು ಕೂರುತ್ತಿದ್ದವು. ಬೀದಿಯಲ್ಲಿ ಮುದುಕರು ತಲೆಯಾಡಿಸಿದರು. ಹೇಳಿದ್ದಕ್ಕೇ ಹೋಯಿತು ಎಂದರು. ಹೋದದ್ದಂತೂ ನಿಜ.

ಸೊನ್ನೆಯ ಹನ್ನೆರಡನೆಯ ದಿನ ಮಧ್ಯಾಹ್ನ ಜಿಲ್ಲೆಗೆ ಎರಡನೆಯ ಕಾಗದ ಬರೆದು, ಕಳಿಸುವ ಮೊದಲು ಪಾರಿಜಾತಳಿಗೆ ಓದಿ ಹೇಳಬೇಕೆಂದು ಅವರ ಮನೆಗೆ ಹೋದೆ. ಸಿದ್ದೇಶ ಗಾಣದ ಬೀದಿಗೆ ಹಾಸಿಗೆ ಕೊಡಲು ಹೋಗಿದ್ದ. ದಾಕ್ಷಿ ಮೂಟೆಯ ಪಕ್ಕ ಕುಳಿತು ಗಾಳಿಯಲ್ಲಿ ಹತ್ತಿ ನೋಡುತ್ತಿದ್ದಳು. ಜಗಲಿಯಲ್ಲಾಗಲಿ ಕಿಟಕಿಯಲ್ಲಾಗಲಿ ಲೋಟಗಳಿರಲಿಲ್ಲ.

"ತುಂಬಿಸಿಡಾದ ನಿಲ್ಲಿಸಿವ್ನಿ" ಎಂದಳು ಪಾರಿಜಾತ. "ಡಾಕ್ಟ್ರು ಇನ್ನು ಭಯ ಇಲ್ಲ ಅಂದ್ರು. ಇವತ್ತು ಬೆಳಿಗ್ಗೆಯಿಂದ. ಏನ್ ಮಾಡ್ತಾಳೋ ನೋಡ್ತೀನಿ."

ನಾನು ಕಾಗದ ಓದಿದೆ. ಹಿಂದಿನ ಕಾಗದವನ್ನು ರದ್ದೆಂದು ತಿಳಿಯಬೇಕು. ಮಗು ಲೋಟ ತಂದದ್ದು ಸುಧಾರಣೆಯಲ್ಲ, ವಿಷದ ಲಕ್ಷಣವಾದ ಬಾಯಾರಿಕೆ. ಗಮನಿಸಿದವಳು ಲೋಟವನ್ನೂ ರೋಗಲಕ್ಷಣಗಳನ್ನೂ ಒಂದೇ ಪುಟದಲ್ಲಿ ಬರೆದೂ ಒಂದನ್ನೇ ಓದಿದಳು. ಆದ್ದರಿಂದ ಈ ಗಮನಿಕೆಯಿಂದ ಹನಿಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಏನೂ ತಿಳಿಯುವುದಿಲ್ಲ.

ಓದಿ ಮುಗಿಸುವ ಹೊತ್ತಿಗೆ ದಾಕ್ಷಿ ಎದ್ದಳು. ನಮ್ಮಿಬ್ಬರ ನಡುವೆಯೇ ಹಾದು ಅಡುಗೆಮನೆಗೆ ಹೋದಳು. ಮೂಲೆಯಲ್ಲಿ ಒಂದು ಗೇಣೆತ್ತರದ ಮಣೆಯ ಮೇಲೆ ಕುಡಿಯುವ ನೀರಿನ ಮಡಕೆ. ಏಳಲು ಹೋದ ನನ್ನ ಮಂಡಿಯ ಮೇಲೆ ಪಾರಿಜಾತ ಕೈಯಿಟ್ಟಳು. ದಾಕ್ಷಿ ಮುಚ್ಚಳ ತೆಗೆದು ನೆಲದ ಮೇಲೆ ಬೋರಲಾಗಿ ಇಟ್ಟಳು. ಗೋಡೆಯ ಗೂಡಿನಿಂದ ಲೋಟ ಎತ್ತಿಕೊಂಡಳು, ಅದ್ದಿದಳು, ತಳದ ಹನಿಯನ್ನು ಮಡಕೆಯ ಅಂಚಿಗೆ ಒರೆಸಿದಳು, ಕುಡಿದಳು. ಮುಚ್ಚಳ ಮುಚ್ಚಿ, ಲೋಟವನ್ನು ಗೂಡಿನಲ್ಲಿಟ್ಟು, ನಮ್ಮ ಕಡೆ ನೋಡದೆ ಹತ್ತಿಯ ಬಳಿಗೆ ಮರಳಿದಳು.

ನಾನು ಪುಸ್ತಕ ತೆರೆದು ಆ ದಿನದ ಎದುರಿಗೆ ಸೊನ್ನೆ ಬರೆದೆ.

"ಸೊನ್ನೆ ಹಾಕಿದ್ರಾ?"

"ಹಾಕಿದೆ ಪಾರಿ. ನಮ್ಮ ಹತ್ರ ಬರ್ಲಿಲ್ಲವಲ್ಲ."

"ನೋಡಿದ್ರಾ ಅವಳ ಕೈಯ? ಒಂದು ತೊಟ್ಟು ಚೆಲ್ಲಲಿಲ್ಲ." ಅವಳು ಮಡಕೆಯನ್ನೇ ನೋಡುತ್ತಿದ್ದಳು. "ಇವತ್ತು ಕಲ್ತಿದ್ದಲ್ಲ ಇದು. ಯಾವತ್ತಿಂದ ಬತ್ತದೋ, ನಾನೇ ಎಲ್ಲಾ ಕಡೆ ನೀರಿಟ್ಟು ನೋಡೋಕೆ ಬಿಟ್ಟಿಲ್ಲ. ಆ ತಿಂಗಳಲ್ಲೂ ಮಡಕೆ ಇಲ್ಲೇ ಇತ್ತು. ಲೋಟ ಗೂಡಲ್ಲೇ ಇತ್ತು. ಬಾಯಾರಿಕೆ ಒಂದೇ ಆಗಿದ್ರೆ ಮಡಕೆ ಹತ್ರ ಹೋಗೋಳು. ನನ್ನ ಹತ್ರ ಯಾಕೆ ಬಂದ್ಲು?"

ನನ್ನ ಪುಸ್ತಕದಲ್ಲಿ ಮಡಕೆಯ ಮಾತೇ ಇರಲಿಲ್ಲ.

"ಅವಳು ನೀರು ಕೇಳಿದ್ದಲ್ಲ ಲ್ಯಾಬಮ್ಮ. ನೀರು ಅವಳಿಗೆ ತಕ್ಕೊಳಾಕೆ ಬತ್ತದೆ. ಒಳಗೆ ಏನೋ ಆಯ್ತಾ ಅದೆ ಅಂತ ಹೇಳ್ತಿದ್ಲು. ನನ್ನ ಮೊಣಕಾಲಿಗೆ ಎರಡು ಸಲ ತಾಕ್ಸಿ ಹೇಳಿದ್ಲು. ನಿಮ್ಮ ಪುಸ್ತಕದ ಮೇಲೆ ಲೋಟ ಇಟ್ಟು, ಮುಖ ನೋಡಿ ಹೇಳಿದ್ಲು. ಮನೆ ಮನೆಗೂ ಹೋಗಿ ಹೇಳಿದ್ಲು. ನಾವು ಚಪ್ಪಾಳೆ ತಟ್ಟಿ ನೀರು ಕೊಟ್ಟೋ."

ದಾಕ್ಷಿ ಕೈ ಬಡಿಯುತ್ತಿದ್ದಳು. ಹತ್ತಿಯ ಎಳೆಯೊಂದು ಮಂದ ಬೆಳಕಿನಲ್ಲಿ ಇನ್ನೂ ನೆಲ ಮುಟ್ಟಿರಲಿಲ್ಲ. ಲಾರಿ ಹೊರಡಲು ಅರ್ಧ ಗಂಟೆ ಇತ್ತು. ಏನೂ ತಿಳಿಯುವುದಿಲ್ಲ ಎಂಬ ಕಾಗದದ ಕೊನೆಯ ವಾಕ್ಯವನ್ನು ಹೊಡೆದುಹಾಕಿ, ಪಾರಿಜಾತಳಿಗೆ ಇನ್ನೊಮ್ಮೆ ನಿಧಾನವಾಗಿ ಹೇಳು ಎಂದೆ. ಅವಳು ಹೇಳಿದಳು. ಅವಳು ಹೇಳಿದ ಹಾಗೆಯೇ ಬರೆದು, ಕೆಳಗೆ ಅವಳ ಹೆಸರು ಹಾಕಿದೆ.